ನಾಲಗೆಯ ಕೆಳಗೆ ಹತ್ತು ನಿಮಿಷ

ಜೂನ್ 2, ಬೆಳಿಗ್ಗೆ 7
ತಂಗಿ ಕೊಂಡಮ್ಮ ಎಂದಿನಂತೆ ಎರಡು ಮಾತ್ರೆ ಪುಡಿ ಮಾಡಿ ತಂದಳು. ಅವಳ ಮಗ ವೇಣು ನಾಲಗೆಯ ಕೆಳಗಿಟ್ಟುಕೊಂಡ. ಹತ್ತು ನಿಮಿಷ ನುಂಗುವಂತಿಲ್ಲ, ಮಾತಾಡುವಂತಿಲ್ಲ. ಮಾವಿನ ಮರದಿಂದ ಬಿದ್ದು ಭುಜ ಮುರಿದಾಗ ಅಂಟಿದ ನೋವಿನ ಇಂಜೆಕ್ಷನ್ ಚಟ... ಕೋಲಾರದ ಡಾಕ್ಟರು ಈ ಮಾತ್ರೆ ಶುರುಮಾಡಿದ ಮೇಲೆ ನಾಲ್ಕು ತಿಂಗಳಿಂದ ಸೂಜಿ ಮುಟ್ಟಿಲ್ಲ.
ಟೇಕಲ್‌ನ ತಮ್ಮನಿಗೆ ಬರೆದ ಕಾಗದ ಓದಿ ಹೇಳಿದೆ — ಹುಡುಗ ಸರಿಹೋಗಿದ್ದಾನೆ, ನಿನ್ನ ಮಗಳು ಅನಿತಳನ್ನು ಕೊಡು. ಬಾಯಿ ಮುಚ್ಚಿಕೊಂಡೇ ನಕ್ಕ. ಕೊಂಡಮ್ಮ ಮದುವೆಗೆಂದು ತಿರುಪತಿಗೆ ಮುಡುಪು ಕಟ್ಟಿಟ್ಟಳು.

ಜೂನ್ 9
ವೇಣುವಿಗೆ ಆಕಳಿಕೆ, ಮೂಗು ಸೋರುವುದು, ಮೈ ನಡುಕ.
“ದೊಡ್ಡಮ್ಮ, ಮಾತ್ರೆ ಸಾಲ್ತಿಲ್ಲ.”
“ಇನ್ನೂ ಬೇಕೇನೋ? ಮುದ್ದೆನಾ ಅದು, ಇನ್ನೊಂದು ಹಾಕೋಕೆ?”
ವೇಣು ನಗಲಿಲ್ಲ. ಕೊಂಡಮ್ಮ ಒಲೆ ಕಡೆ ತಿರುಗಿಕೊಂಡಳು.

ಜೂನ್ 13
ಅವನ ಪ್ಯಾಂಟ್ ಜೇಬಿನಲ್ಲಿ ಸಿರಿಂಜು. ಕವರು ಇನ್ನೂ ಬಿಚ್ಚಿಲ್ಲ. ಕೂತು ತಮ್ಮನಿಗೆ ಬರೆದೆ — ನಮಗೆಲ್ಲ ಮೋಸ ಮಾಡಿದ, ಸಂಬಂಧ ಬೇಡ. ಅವನೆದುರೇ ಓದಿದೆ.
“ಈಗ ಬಾಯಲ್ಲಿ ಏನಿಲ್ವಲ್ಲ, ಮಾತಾಡೋ.”
“ನಾಲ್ಕು ದಿನದಿಂದ ಹೇಳ್ತಾನೇ ಇದ್ದೀನಲ್ಲ ದೊಡ್ಡಮ್ಮ.”
ಚಪ್ಪಲಿ ಮೆಟ್ಟಿ ಹೋದ. ಕಾಗದ ಪೋಸ್ಟ್ ಮಾಡಿದೆ.

ಜೂನ್ 19
ಆರು ದಿನ. ಫೋನ್ ಸ್ವಿಚ್ ಆಫ್. ಅನಿತಳಿಗೆ ಬೇರೆ ಕಡೆ ನೋಡುತ್ತಿದ್ದಾರಂತೆ.
ದೇವರ ಗೂಡು ಒರೆಸುವಾಗ ಮುಡುಪು ಭಾರವೆನಿಸಿತು. ಬಿಚ್ಚಿದೆ. ಅರಿಶಿನದ ಬಟ್ಟೆಯಲ್ಲಿ ನಾಣ್ಯದ ಜೊತೆ ಮಾತ್ರೆಗಳು. ಹನ್ನೊಂದು.
“ಏನೇ ಇದು?”
“ದಿನಕ್ಕೊಂದು ಸ್ವಾಮಿಗೆ ಬಿಟ್ಟೆ ಅಕ್ಕ. ಒಂದೇ ಪುಡಿ ಮಾಡ್ತಿದ್ದೆ. ಮದ್ವೆ ಹೊತ್ಗೆ ಇದೂ ಬಿಟ್ಟೋಗ್ಲಿ ಅಂತ. ಇದೂ ಮತ್ತಿನ ಮಾತ್ರೆನೇ ಕದಾ?”
“ಡಾಕ್ಟ್ರನ್ನ ಕೇಳಿದ್ಯಾ?”
“ಸ್ವಾಮಿನ ಕೇಳ್ಕೊಂಡೆ.”
“ನಾನು ಕಾಗದ ಓದ್ತಿದ್ದಾಗ ಇಲ್ಲೇ ನಿಂತಿದ್ಯಲ್ಲೇ.”
“ಬಾಯಿ ಬರ್ಲಿಲ್ಲ ಅಕ್ಕ.”
ನನ್ನ ಸೊಂಟದ ಮೇಲೆ ಬೆಳೆದವಳು ಇವಳು. ಹೊಡೆಯಲು ಕೈ ಏಳಲಿಲ್ಲ. ಊಟಕ್ಕೆ ಕರೆದಳು. ಹೋಗಲಿಲ್ಲ.
ಕೋಲಾರಕ್ಕೆ ಫೋನ್ ಮಾಡಿದೆ. ವೇಣು ಅಲ್ಲಿಗೆ ಬಂದಿಲ್ಲ. ಬಂದರೆ ಅವತ್ತೇ ಮಾತ್ರೆ ಮತ್ತೆ ಶುರುಮಾಡಬಹುದು, ಹೇಗಾದರೂ ಕಳಿಸಿ ಅಂದರು.

ಜೂನ್ 20, ಬೆಳಿಗ್ಗೆ 7
ಅದೇ ಹೊತ್ತು. ವೇಣು ಕೂರುವ ಮಣೆ ಖಾಲಿ. ಕಾಗದ ಬರೆಯಲು ಕೂತೆ. ವಿಳಾಸ ಗೊತ್ತಿಲ್ಲ.
ವೇಣು, ಮಾತ್ರೆ ಸಾಲುತ್ತಿಲ್ಲ ಎಂದು ನೀನು ಹೇಳಿದ ದಿನ ನಾನು —