ಸಮ್ಮೇಳನದ ಚಪ್ಪರಕ್ಕೆ ನೀವೂ ಬನ್ನಿ

ರೀ,

ನಿಮ್ಮನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಸಮ್ಮೇಳನಕ್ಕೆಂದು ಸಿರುಗುಪ್ಪದ ಸಭೆಯಿಂದ ಬಂದವರು ಚರ್ಚಿನ ಶಾಲೆಯಲ್ಲಿ ತಂಗಿದ್ದಾರೆ. ಅವರಿಗೆ ಉಪ್ಪಿಟ್ಟು ಮಾಡಲು ಹೋಗುತ್ತಿದ್ದೇನೆ.

ಒಲೆಯ ಪಕ್ಕ ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ. ರಾತ್ರಿಯೂ ನೀವು ಉಣ್ಣಲಿಲ್ಲ. ಸಮ್ಮೇಳನದ ಕಾರ್ಯದರ್ಶಿ ಚುನಾವಣೆಯಲ್ಲಿ ಸೋತ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡಿ.

ನಿಮ್ಮೆದುರು ಗೆದ್ದ ಕುರುಗೋಡಿನ ದಾನಿಯೇಲಪ್ಪ ಈಗಷ್ಟೇ ಬಾಗಿಲಿಗೆ ಬಂದಿದ್ದರು. “ಅಕ್ಕಾ, ನನ್ನನ್ನ ಕಾರ್ಯದರ್ಶಿ ಮಾಡ್ಯಾರ ಖರೆ, ಆದ್ರ ಇಷ್ಟು ದೊಡ್ಡ ಸಭಿ ನಡೆಸೋದು ನನಗೇನ್ ಗೊತ್ತೈತಿ? ಅಣ್ಣ ಬಾಜೂಕ ಕುಂತು ಹೇಳಿಕೊಡ್ಲಿ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. “ಬರ್ತಾರ, ನೀವು ಹೋಗ್ರಿ” ಎಂದು ನಾನೇ ಮಾತು ಕೊಟ್ಟೆ. ಬೈದರೂ ಸರಿ, ನನ್ನ ಮಾತು ಉಳಿಸಿ.

ಬಿಳಿ ಅಂಗಿಗೆ ಗುಂಡಿ ಹಚ್ಚಿದ್ದೇನೆ, ಅದನ್ನೇ ಹಾಕಿಕೊಳ್ಳಿ. ಬರುವಾಗ ನಮ್ಮ ಎರಡೂ ಕಂದೀಲು ತನ್ನಿ, ಸಂಜೆಯ ಕೂಟಕ್ಕೆ ಬೆಳಕು ಸಾಲದು. ಆಡು ಕಟ್ಟಿಯೇ ಬನ್ನಿ, ಅದು ಹಿತ್ತಲಿಗೆ ನುಗ್ಗಿದರೆ ಪಕ್ಕದ ಮನೆಯವರ ಬಾಯಿಗೆ ನಾನು ಬೀಳಲಾರೆ.

ಇನ್ನೊಂದು ಮಾತಿದೆ. ನಿನ್ನೆ ಹೆಂಗಸರೆಲ್ಲ ಸೇರಿ ಸ್ತ್ರೀಯರ ಸಂಘಕ್ಕೆ ಅಧ್ಯಕ್ಷೆಯನ್ನು ಆರಿಸಿದರು. ಬೇಡವೆಂದರೂ ಕೇಳದೆ ನನ್ನನ್ನೇ ಆರಿಸಿದರು. ನೀವು ಮುಸುಕು ಹಾಕಿಕೊಂಡು ಮಲಗಿದ್ದನ್ನು ನೋಡಿ ಹೇಳಲಾಗಲಿಲ್ಲ.

ಮಧ್ಯಾಹ್ನ ಎಲ್ಲರೆದುರು ನಿಂತು ನಾನು ನಾಲ್ಕು ಮಾತು ಆಡಬೇಕಂತೆ. ಅಡುಗೆಮನೆ ಬಿಟ್ಟು ಬೇರೆಲ್ಲೂ ದನಿ ಎತ್ತಿದವಳಲ್ಲ ನಾನು. ಖುಷಿಯೂ ಆಗುತ್ತಿದೆ, ಹೆದರಿಕೆಯೂ ಆಗುತ್ತಿದೆ. ನೀವು ನನಗೆ ಕಾಣುವಲ್ಲಿ ಕೂತಿರಿ. ಉಳಿದವರನ್ನು ನೋಡದೆ ನಿಮಗೊಬ್ಬರಿಗೇ ಹೇಳುತ್ತೇನೆ.

ನಿಮ್ಮ
ಜೀವರತ್ನ