ನಿನ್ನ ಖಾಲಿ ಅಂಗಳ

ಮೊಂಡಿ,

ಸೋದರಮಾವ ಬರೆದ ಕಾಗದದಲ್ಲಿ ಆಶೀರ್ವಾದ ಮೊದಲು ಬರಬೇಕು. ಈ ಸಲ ಕೊನೆಗೆ ಇಟ್ಟಿದ್ದೇನೆ. ಪೂರ್ತಿ ಓದಿದ ಮೇಲೂ ಬೇಕೆನ್ನಿಸಿದರೆ ತೆಗೆದುಕೋ. ಫೋನಿನಲ್ಲಾದರೆ ನೀನು "ಮಾವ, ವಿಷಯಕ್ಕೆ ಬಾ" ಎಂದು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀಯ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲ. ಅದಕ್ಕೇ ಬರೆದು, ನೀನಿರುವ ಊರಿಗೇ ಹೊರೆ ಹೊತ್ತು ಹೊರಟಿರುವ ಉದ್ದಮೀಸೆ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೇನೆ.

ಔಷಧ ಕಂಪನಿಯವರ ಜೊತೆ ಮಾತಾಡಲು ಹೊರಟಾಗ ನೀನು ಹೇಳಿದ್ದು ನೆನಪಿದೆಯಲ್ಲ? "ತಂಪುಪೆಟ್ಟಿಗೆಯ ಲಾರಿ ಕೊಳ್ಳೋಕೆ ಬ್ಯಾಂಕಿನವರು ಸಾಲ ಕೊಡ್ಬೇಕು. ಅದಕ್ಕೆ ಮೊದಲು ನಮ್ಮ ಸಾಗಣೆ ಕಂಪನಿಯ ಆರೋಗ್ಯ ನೋಡೋಕೆ ಒಬ್ರನ್ನ ಕಳಿಸ್ತಾರೆ. ಸಾಲ ಸಿಗದಿದ್ರೆ ಔಷಧ ಸಾಗಿಸೋ ಕೆಲಸ ಬೇರೆಯವರ ಪಾಲಾಗುತ್ತೆ. ಮಾವ, ನೀನು ಬಾಗಿಲು ತೆಗೆದು ಕೂರಿಸು, ನೀರು ಕೊಡು, ಅಷ್ಟೇ." ಅಷ್ಟೇ ಎಂದೆ ನೀನು. ಆದರೆ ಆರೋಗ್ಯ ಎಂಬ ಮಾತನ್ನು ನನ್ನ ಮುಂದೆ ಆಡಬಾರದಿತ್ತು. ಮೂವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು ನಾನು. ಹಲ್ಲು ಹಿಡಿದು ವಯಸ್ಸು ಹೇಳುತ್ತಿದ್ದೆ, ಸಗಣಿ ನೋಡಿ ರೋಗ ಹೇಳುತ್ತಿದ್ದೆ. ಸೊರಗಿದ ಹಸುವಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ತುಂಬ ನೀರು ಕುಡಿಸಿ, ಕೊಂಬಿಗೆ ಎಣ್ಣೆ ಸವರಿ ಸಂತೆಗೆ ಹೊಡೆದರೆ ಅದರ ಯಜಮಾನನಿಗೇ ಗುರುತು ಸಿಗುತ್ತಿರಲಿಲ್ಲ.

ನಿನಗೆ ಯಾವತ್ತೂ ಹೇಳದ ಮಾತೊಂದಿದೆ. ನಿನ್ನ ಕಂಪನಿ ಬಡಕಲು ಹಸು ಎಂದೇ ನಾನು ತಿಳಿದಿದ್ದೆ. ನಾನೊಬ್ಬನೇ ಅಲ್ಲ, ನಿಮ್ಮಮ್ಮನೂ ಹಾಗೇ ತಿಳಿದಿದ್ದಳು. ಮಧ್ಯಾಹ್ನ ನಿನಗೆ ಊಟ ತರುತ್ತಿದ್ದಳಲ್ಲ, ಆಗೆಲ್ಲ ಗೇಟಿನಲ್ಲಿ ನಿಂತು ನೋಡುತ್ತಿದ್ದಳಂತೆ. ಇಷ್ಟಗಲದ ಅಂಗಳದಲ್ಲಿ ಒಂದು ಲಾರಿಯೂ ಇಲ್ಲ, ಎಣ್ಣೆಯ ಕಲೆಗಳು ಮಾತ್ರ. ಗೋಡೆಯಾಚೆ ಪಕ್ಕದ ಯಜಮಾನರ ಅಂಗಳದಲ್ಲಿ ಹಲ್ಲಿಗೆ ಹಲ್ಲು ಕಚ್ಚಿದಂತೆ ಲಾರಿಗಳು. ಆಸ್ಪತ್ರೆಯ ಮಂಚದಲ್ಲಿ ನನ್ನ ಕೈ ಹಿಡಿದು, "ತಮ್ಮಾ, ಅವಳು ಬಾಯಿಬಿಟ್ಟು ಹೇಳೋಳಲ್ಲ. ಅವಳ ಅಂಗಳ ಖಾಲಿ ಕಣೋ. ನೋಡ್ಕೋ," ಎಂದಿದ್ದಳು. ಗೇಟು ಕಾಯುವ ನೆಪದಲ್ಲಿ ನಾನು ನಿನ್ನಲ್ಲಿಗೆ ಬಂದದ್ದು ಅದಕ್ಕೇ. ಬಂದು ನೋಡಿದರೆ ಅಕ್ಕ ಹೇಳಿದ ಹಾಗೇ ಇತ್ತು. ಇನ್ನು ನೆಂಟರು ಸೇರಿದ ಕಡೆಯೆಲ್ಲ "ನನ್ನ ಸೊಸೆ ಹುಲಿ, ಅವಳ ಲಾರಿ ಹೋಗದ ದಾರಿಯೇ ಇಲ್ಲ" ಎಂದು ಬೊಗಳೆ ಬಿಡುತ್ತಿದ್ದೆ. ನಿನ್ನ ಮಾನ ಮುಚ್ಚುತ್ತಿದ್ದೇನೆ ಎಂದುಕೊಂಡಿದ್ದೆ.

ಹೀಗಿರುವಾಗ ನಿನ್ನ ಖಾಲಿ ಅಂಗಳವನ್ನು ಬ್ಯಾಂಕಿನವರ ಕಣ್ಣಿಗೆ ಬೀಳಲು ಬಿಟ್ಟೇನೇ? ಹಿಂದಿನ ಸಂಜೆ ಪಕ್ಕದ ಯಜಮಾನರ ಹತ್ತಿರ ಹೋಗಿ, ಒಂದು ದಿನದ ಮಟ್ಟಿಗೆ ಲಾರಿಗಳನ್ನು ಕೊಡಿ ಎಂದೆ. ಯಾಕೆ, ಏನು ಎಂದು ಕೇಳಲೇ ಇಲ್ಲ ಪುಣ್ಯಾತ್ಮ, ಬೀಗದ ಕೈಗಳ ಗೊಂಚಲನ್ನೇ ಮುಂದಿಟ್ಟರು. ದೊಡ್ಡವರ ಕೈ ದೊಡ್ಡದು ಎಂದುಕೊಂಡೆ. ಲಾರಿಗಳನ್ನು ತೊಳೆಸಿ, ಟೈರಿಗೆ ಕಪ್ಪು ಬಳಿಸಿ, ನಿನ್ನ ಅಂಗಳದಲ್ಲಿ ಮೂಗು ಒಂದೇ ಸಾಲಿಗೆ ಬರುವಂತೆ ನಿಲ್ಲಿಸಿದೆ. ಕೊಂಬಿಗೆ ಎಣ್ಣೆ ಸವರುವುದೊಂದು ಬಾಕಿ.

ಬ್ಯಾಂಕಿನಿಂದ ಬಂದದ್ದು ನಿನ್ನ ವಯಸ್ಸಿನ ಹೆಣ್ಣುಮಗಳು. ಗೇಟಿನಲ್ಲೇ ನಿಂತಳು. ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮುಖ ಸಪ್ಪಗಾಯಿತು. "ಕೆಲಸದ ದಿನ, ಇಷ್ಟು ಹೊತ್ತಾಗಿದೆ. ಎಲ್ಲಾ ಗಾಡಿ ಇಲ್ಲೇ ಇದಾವಲ್ಲ?" ಎಂದಳು. ಬೆರಗಾದಳು ಎಂದುಕೊಂಡು ನಾನು, "ಇವತ್ತು ಕಮ್ಮಿ, ಮೇಡಂ. ಒಂದೊಂದು ದಿನ ಕಾಲಿಡೋಕೂ ಜಾಗ ಇರಲ್ಲ," ಎಂದೆ. ಅವಳು ಏನನ್ನೋ ಬರೆದುಕೊಂಡಳು. "ಹೊರೆ ಇಳಿಸಿದ ಮೇಲೆ ವಾಪಸ್ ಬರೋವಾಗ ಗಾಡಿಲಿ ಏನಿರುತ್ತೆ?" ಎಂದು ಕೇಳಿದಳು. ಮೂಕಪ್ರಾಣಿಗಳ ಜೊತೆ ಬದುಕಿದವನು, ಎದೆಯುಬ್ಬಿಸಿ ಹೇಳಿದೆ: "ಏನೂ ಇರಲ್ಲ. ನಾವು ದುಡಿಸಿ ಸಾಯಿಸೋ ಜನ ಅಲ್ಲ. ಬರೋವಾಗ ಹಗುರಾಗಿ, ಆರಾಮಾಗಿ ಬರ್ತವೆ." ಮತ್ತೆ ಬರೆದುಕೊಂಡಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ತುಂಬ ಮೆತ್ತಗೆ, "ಅಜ್ಜಾ, ಈ ಕಂಪನಿ ಮುಳುಗ್ತಾ ಇದೆ, ನಿಮಗೆ ಗೊತ್ತಾ?" ಎಂದಳು.

ನನ್ನನ್ನು ಅಜ್ಜ ಎಂದದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದು ಹೇಗೆ ಎಂದೆ. ಅವಳೇ ಬಿಡಿಸಿ ಹೇಳಿದಳು. ನಿಂತ ಲಾರಿ ಆಸ್ತಿಯಲ್ಲ, ತಿನ್ನುವ ಬಾಯಿ. ಅದಕ್ಕೆ ಕಂತು ಬೇಕು, ವಿಮೆ ಬೇಕು, ಡ್ರೈವರನಿಗೆ ಸಂಬಳ ಬೇಕು. ಓಡಿದರಷ್ಟೇ ಅನ್ನ. ಹೋಗುವಾಗ ಹೊರೆ ಹೊತ್ತು ಬರುವಾಗ ಬರಿಗೈಲಿ ಬಂದರೆ ಅರ್ಧ ದಾರಿಯ ಡೀಸೆಲ್ ಗಾಳಿಗೆ ಸುಟ್ಟಂತೆ. ಸಾಗಣೆ ಕಂಪನಿಗೆ ಮೈಕೈ ಗಟ್ಟಿ ಇದ್ದರೆ ಹಗಲು ಹೊತ್ತು ಅದರ ಅಂಗಳ ಖಾಲಿ ಇರುತ್ತದಂತೆ.

ಖಾಲಿ ಇರುತ್ತದಂತೆ, ಮೊಂಡಿ.

ಪಕ್ಕದಲ್ಲಿದ್ದ ಲಾರಿಯ ಬಂಪರಿನ ಮೇಲೆ ಕೂತುಬಿಟ್ಟೆ. ಸುಳ್ಳು ಹೇಳುವಾಗ ಒಂದು ದಿನವೂ ತಡವರಿಸದ ನಾಲಿಗೆ ನಿಜ ಹೇಳಲು ತಡವರಿಸಿತು. "ಮೇಡಂ, ಇವು ನಮ್ಮವಲ್ಲ. ಪಕ್ಕದ ಅಂಗಳದವು. ನಮ್ಮವು ಒಂದೂ ಇಲ್ಲಿಲ್ಲ. ಹೊತ್ತು ಹುಟ್ಟೋ ಮೊದಲೇ ಹೋಗಿರ್ತವೆ. ಬರ್ತಾ ಬೇರೆ ಯಾರದೋ ಹೊರೆ ಹೊತ್ಕೊಂಡು, ಅದನ್ನ ಇಳಿಸಿ, ಇನ್ನೊಂದು ತುಂಬ್ಕೊಂಡು ಹಾಗೇ ಹೋಗ್ಬಿಡ್ತವೆ. ಡ್ರೈವರ್‌ಗಳ ಮುಖ ನಾನು ನೋಡೋದೇ ಅಪರೂಪ. ಆ ಖಾಲಿ ಅಂಗಳ ನೋಡಿ ನಾಚಿಕೆಯಾಗಿ ಇವನ್ನ ತಂದು ನಿಲ್ಸಿದೆ," ಎಂದೆ. ಬಯ್ಯುತ್ತಾಳೆ ಎಂದುಕೊಂಡೆ. "ಅಂದ್ರೆ ಇಡೀ ಕಂಪನಿಲಿ ಕೆಲಸವಿಲ್ಲದೆ ನಿಂತಿರೋದು ನೀವೊಬ್ರೇ," ಎಂದಳು. ಆಮೇಲೆ ಗೋಡೆಯಾಚೆ ಕಣ್ಣು ಹಾಯಿಸಿ, "ಕೆಲಸದ ದಿನ ಇಷ್ಟೂ ಗಾಡಿಗಳನ್ನ ಕೇಳಿದ ತಕ್ಷಣ ಕೊಟ್ರಾ ಅವರು?" ಎಂದಳು.

ಆ ಪ್ರಶ್ನೆ ಅರ್ಥವಾಗಲು ನನಗೆ ಸಂಜೆಯವರೆಗೆ ಹಿಡಿಯಿತು. ಲಾರಿಗಳನ್ನೆಲ್ಲ ಅವರ ಅಂಗಳಕ್ಕೆ ಬಿಟ್ಟು ಬೀಗದ ಕೈ ಕೊಡಲು ಹೋದಾಗ ಪಕ್ಕದ ಯಜಮಾನರು ಒಬ್ಬರೇ ಕೂತಿದ್ದರು. ಫ್ಯಾನು ಕೂಡ ಹಾಕಿರಲಿಲ್ಲ. "ಇಟ್ಕೊಳ್ಳಿ ಮಾವನೋರೇ, ಅವಸರ ಏನಿಲ್ಲ," ಎಂದರು. ಎಷ್ಟು ಹಸು ಕೊಂಡು ಮಾರಿದವನು ನಾನು. ಎಷ್ಟು ಜನರ ಸಂಕಟವನ್ನು ಮುಖದಲ್ಲೇ ಓದಿ ಬೆಲೆ ಇಳಿಸಿದವನು. ಗೋಡೆಯಾಚೆಯ ಈ ಮುಖವನ್ನು ಒಂದು ದಿನವೂ ಓದಲಿಲ್ಲ. ನಿಮ್ಮಮ್ಮ ಹೊಟ್ಟೆ ಉರಿದುಕೊಂಡ ಆ ತುಂಬಿದ ಅಂಗಳದಲ್ಲಿ ಅವರು ದಿನಾ ಮುಳುಗುತ್ತಿದ್ದರು. ನೀನು ಬಂದ ಮೇಲೆ ಅವರನ್ನೊಮ್ಮೆ ಮಾತಾಡಿಸು. ನಿನ್ನಲ್ಲಿ ಹೊರೆ ಹೆಚ್ಚಾದಾಗ ಒಂದೆರಡು ಲಾರಿಗಾದರೂ ದಾರಿ ತೋರಿಸು.

ಬ್ಯಾಂಕಿನ ಹೆಣ್ಣುಮಗಳು ಇವತ್ತು ಬೆಳಿಗ್ಗೆ ಹೇಳದೆ ಕೇಳದೆ ಮತ್ತೆ ಬಂದಳು. ಅಂಗಳದಲ್ಲಿ ಇದ್ದದ್ದು ನಾನು, ನನ್ನ ಸ್ಟೂಲು, ಎಣ್ಣೆಯ ಕಲೆಗಳು. ಅಷ್ಟರಲ್ಲಿ ನಿನ್ನದೊಂದು ಲಾರಿ ಬಂತು. ತುಂಬಿದ ಹೊರೆಗೆ ಸ್ಪ್ರಿಂಗ್ ಬಗ್ಗಿ ಗೇಟಿನ ಹಳ್ಳದಲ್ಲಿ ನರಳುತ್ತ ಒಳಗೆ ಬಂತು. ಉದ್ದಮೀಸೆ ಇಳಿದು ನೀರು ಕುಡಿದ. ಅವನನ್ನು, ನಿನ್ನ ಲೆಕ್ಕದವರನ್ನು ಅವಳು ಕೂತು ಕೇಳಿದ್ದೇ ಕೇಳಿದ್ದು. ನಾನು ತುಟಿ ಪಿಟಕ್ಕೆನ್ನಲಿಲ್ಲ, ಬೇಕಾದರೆ ವಿಚಾರಿಸು. ಸಾಲದ ಮಾತನ್ನು ಬ್ಯಾಂಕಿನ ದೊಡ್ಡವರೇ ಹೇಳಬೇಕಂತೆ. ಗೇಟಿನ ಹತ್ತಿರ ಮಾತ್ರ ಒಮ್ಮೆ ತಿರುಗಿ ಖಾಲಿ ಅಂಗಳ ನೋಡಿ, "ಅಜ್ಜಾ, ಇದು ಆರೋಗ್ಯ," ಎಂದಳು.

ಆ ಗೇಟಿನಲ್ಲೇ ನಿಮ್ಮಮ್ಮ ನಿಲ್ಲುತ್ತಿದ್ದದ್ದು. ಅದೇ ಅಂಗಳ ನೋಡುತ್ತಿದ್ದದ್ದು. ಅವಳು ಹೋಗುವಾಗಲೂ ಕೊರಗುತ್ತ ಹೋದಳಲ್ಲ, ಕೊರಗುವಂಥದ್ದು ಏನೂ ಇರಲೇ ಇಲ್ಲ. ನಾವು ಯಾರೂ ನಿನ್ನನ್ನು ಒಂದು ಮಾತು ಕೇಳಲಿಲ್ಲ, ನೀನು ಹೇಳಲಿಲ್ಲ. ನಿನ್ನ ಬಗ್ಗೆ ನಾನು ಸುಳ್ಳು ಎಂದುಕೊಂಡು ಆಡಿದ್ದೆಲ್ಲ ನಿಜವಾಗಿತ್ತು. ಜೀವಮಾನದಲ್ಲಿ ನನ್ನ ಬೊಗಳೆ ಒಂದೂ ನಿಜವಾದದ್ದಿಲ್ಲ. ಇದೊಂದು ನಾನು ಬಾಯಿ ತೆರೆಯುವ ಮೊದಲೇ ನಿಜವಾಗಿತ್ತು. ಆ ಆಘಾತದಿಂದ ನಾನಿನ್ನೂ ಎದ್ದಿಲ್ಲ.

ಈಗ ಅಂಗಳ ಗುಡಿಸಿ ನಿನಗೆ ಬರೆಯಲು ಕೂತೆ. ಅಕ್ಕನಿಗೆ ಬರೆಯಲು ವಿಳಾಸವಿಲ್ಲ, ಅವಳಿಗೆ ಹೇಳಬೇಕಾದದ್ದನ್ನೂ ನಿನಗೇ ಬರೆದಿದ್ದೇನೆ.

ನಿನ್ನ ಅಂಗಳ ಹಗಲೆಲ್ಲ ಖಾಲಿಯಾಗಿರಲಿ, ಮಗಳೇ. ಸದಾ ಖಾಲಿಯಾಗಿರಲಿ.

ಇಂತಿ,
ನಿನ್ನ ಕಂಪನಿಯಲ್ಲಿ ನಿಂತೇ ಇರುವ ಒಂದೇ ಗಾಡಿ,
ಮಾವ