ದಿಮ್ಮಿಗೆ ಆನೆಯ ಸರಪಳಿ

೧೨ ಜನವರಿ ೧೯೫೩, ಸೋಮವಾರ. ಮಡಿಕೇರಿ.

ಕೆಲಸ ಹೋಗಲಿಲ್ಲ! ಮಧ್ಯಾಹ್ನ ಹೋಯಿತೆಂದೇ ಅಂದುಕೊಂಡಿದ್ದೆ.

ನಾನು ಓಡಿಸುವ ಲಾರಿಗೆ ಮರದ ದಿಮ್ಮಿ ಹೇರಿದ್ದರು. ಬಿಗಿದದ್ದು ಬರೀ ತೆಂಗಿನ ನಾರಿನ ಹಗ್ಗದಲ್ಲಿ. ಲಾರಿಯ ಸರಪಳಿ ತುಂಡಾಗಿದೆ. ಇನ್ನೊಂದು ಇರುವುದು ದಿಮ್ಮಿ ಎಳೆಯುವ ಆನೆಯ ಕಾಲಿನಲ್ಲಿ. ನಾಳೆ ಲಾರಿಯನ್ನು ಹೀಗೆ ಸಂಪಾಜೆ ಘಾಟಿ ಇಳಿಸುವುದಿಲ್ಲ ಎಂದೆ.

"ಇಸ್ಕೂಲು ಬಿಟ್ಟು ಓಡಿಬಂದೋನು ನನಗೆ ಪಾಠ ಹೇಳ್ತೀಯೇನೋ?" ಎಂದರು ಸಾಹುಕಾರ ಪುಟ್ಟೇಗೌಡರು. "ಈ ಹಗ್ಗದಲ್ಲಿ ಆನೇನ ಕಟ್ಟಿದ್ರೂ ನಿಲ್ಲುತ್ತೆ."

"ಹಂಗಾದ್ರೆ ಆನೇನೇ ಕಟ್ಟಿ ಗೌಡ್ರೇ. ಸರಪಳಿ ನನಗೆ ಕೊಡಿ."

ಮಾವುತ ಮಾರ ನಗು ತಡೆಯಲಾರದೆ ಆನೆಯ ಹಿಂದೆ ಹೋಗಿ ನಿಂತ. ಕೂಲಿಯವರೆಲ್ಲ ಕೇಳಿಸಿಕೊಂಡಿದ್ದರಿಂದ ಗೌಡರಿಗೆ ಆಡಿದ ಮಾತು ನುಂಗಲಾಗಲಿಲ್ಲ. ಸರಪಳಿ ಬಿಚ್ಚಿಸಿ ಕೊಟ್ಟರು.

ದೀಪ ಹಚ್ಚುವ ಮುಂಚೆಯೇ ಆನೆ ಹಗ್ಗ ಕಿತ್ತುಕೊಂಡು ಗೌಡರ ಹಿತ್ತಲಿನ ಬಾಳೆಗೆ ನುಗ್ಗಿತು. "ಆನೆಗೆ ಹಗ್ಗ ಕಟ್ಟಿದ ಮಹಾನುಭಾವ ಯಾರು?" ಎಂದು ಗೌಡರ ಹೆಂಡತಿ ವನಜಮ್ಮನವರು ಕೂಗಿದರು. ಗೌಡರು ಮಾರನ ಮುಖ ನೋಡಿದರು, ಮಾರ ನನ್ನ ಮುಖ ನೋಡಿದ, ನಾನು ಆನೆಯ ಮುಖ ನೋಡಿದೆ.

ಎಲ್ಲರೂ ನನ್ನನ್ನು ಜಾಣ ಎನ್ನುತ್ತಿದ್ದಾರೆ. ಜಾಣತನವಲ್ಲ, ಹೆದರಿಕೆ. ತಿರುವಿನ ಕೆಳಗೆ ಸಂತೆಗೆ ನಡೆದು ಹೋಗುವವರು ಕಣ್ಣ ಮುಂದೆ ಬಂದಿದ್ದರು. ದಿಮ್ಮಿ ಉರುಳಿದ ಮೇಲೆ, ಗೌಡರು ಹೇಳಿದ್ದರು ಎಂದರೆ ಯಾರು ಕೇಳುತ್ತಾರೆ?

ಊಟವಾದ ಮೇಲೆ ಗೌಡರೇ ಬಂದು, "ಬೆಳಿಗ್ಗೆ ಸರಪಳಿ ನಾನೇ ನೋಡ್ತೀನಿ ಕಣೋ," ಎಂದರು. ನೋಡಲಿ, ಸಂತೋಷ. ಆದರೂ ನಾನೊಮ್ಮೆ ಜಗ್ಗಿ ನೋಡದೆ ಲಾರಿ ಹತ್ತುವವನಲ್ಲ. ಸರಪಳಿಯ ಎಡಗಡೆಯ ಕೊಂಡಿ ಸ್ವಲ್ಪ ಸವೆದ ಹಾಗೆ ಕಂಡಿತು, ಮಾರನನ್ನು ಬೆಳಿಗ್ಗೆ ಬೇಗ ಎಬ್ಬಿಸಿ ತೋರಿಸಬೇಕು.